ಬಸುರಿನ ಮೊದಲ ವಾರಗಳು, ಒಂದು ಹಾರ್ಮೋನಿನ ಲೆಕ್ಕ

ಮುಂಬಯಿಯ ಉಪನಗರಗಳಲ್ಲಿ ಈಗ ಸ್ಟೇಷನ್ನಿನಿಂದ ಹೊರಬಿದ್ದರೆ ವಡಾಪಾವ್ ಗಾಡಿಯಷ್ಟೇ ಸುಲಭವಾಗಿ ರಕ್ತ ತೆಗೆಯುವ ಕೇಂದ್ರ ಸಿಗುತ್ತದೆ. ಡೊಂಬಿವಿಲಿಯಲ್ಲೋ ಮೀರಾರೋಡಿನಲ್ಲೋ ಸಂಸಾರ ಹೂಡಿರುವ ಹೆಣ್ಣುಮಗಳೊಬ್ಬಳು ಮುಟ್ಟು ನಾಲ್ಕು ದಿನ ಮುಂದೆ ಹೋಯಿತೆಂದು ಬೆಳಿಗ್ಗೆ ಆಫೀಸಿನ ದಾರಿಯಲ್ಲಿ ರಕ್ತ ಕೊಟ್ಟರೆ, ಸಂಜೆ ಲೋಕಲಿನಲ್ಲಿ ವಾಪಸಾಗುವಾಗಲೇ ವರದಿ ಮೊಬೈಲಿಗೆ ಬಂದಿರುತ್ತದೆ. ‘ಬೀಟಾ ಎಚ್‌ಸಿಜಿ’ ಎಂಬ ಹೆಸರಿನ ಎದುರು ಒಂದು ಅಂಕಿ, ಅದರ ಕೆಳಗೆ ವಾರವಾರದ ಪಟ್ಟಿ. ತನ್ನ ಅಂಕಿಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ ‘ಕಡಿಮೆ ಇದೆ’ ಎಂದು ಆಕೆ ಕಂಗಾಲಾಗುವ ಹೊತ್ತಿಗೆ ಡಾಕ್ಟರು ಆ ವರದಿಯನ್ನು ಇನ್ನೂ ನೋಡಿರುವುದಿಲ್ಲ.

ಇಂಥ ಒಂದೇ ಅಂಕಿಯಿಂದ ಏನನ್ನೂ ತೀರ್ಮಾನಿಸಬಾರದು. ಇದನ್ನು ಕಲಿಯಲು ವೈದ್ಯಶಾಸ್ತ್ರಕ್ಕೆ ಸುಮಾರು 90 ವರ್ಷ ಹಿಡಿಯಿತು.

ಗರ್ಭಕೋಶದ ಒಳಗೋಡೆಗೆ ಭ್ರೂಣ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗಿ ಬೆಳೆಯುವ ಜೀವಕೋಶಗಳು ಎಚ್‌ಸಿಜಿ ಎಂಬ ಈ ಹಾರ್ಮೋನನ್ನು ಸುರಿಸತೊಡಗುತ್ತವೆ. ಅಂಡಾಣು ಹೊರಬಿದ್ದ ಜಾಗದಲ್ಲಿ ಅಂಡಾಶಯದ ಮೇಲೆ ಉಳಿಯುವ ಕಾರ್ಪಸ್ ಲ್ಯೂಟಿಯಂ ಎಂಬ ಹಳದಿ ಗಂಟು ಬಾಡದಂತೆ ಕಾಯುವುದು ಅದರ ಕೆಲಸ. ಆ ಗಂಟು ಪ್ರೊಜೆಸ್ಟೆರಾನ್ ಕೊಡುತ್ತದೆ, ಪ್ರೊಜೆಸ್ಟೆರಾನಿನಿಂದ ಗರ್ಭಕೋಶದ ಗೋಡೆ ಕಳಚದೆ ನಿಲ್ಲುತ್ತದೆ. ಎಂಟು-ಹತ್ತು ವಾರದ ಹೊತ್ತಿಗೆ ಮಾಸು ಸ್ವತಃ ಆ ಹೊಣೆ ಹೊರುತ್ತದೆ. ಎಚ್‌ಸಿಜಿಯ ಮಟ್ಟವೂ ಸರಿಸುಮಾರು ಆಗಲೇ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ.

ಬಸುರು ಪತ್ತೆಹಚ್ಚಲೆಂದು 1927–28ರಲ್ಲಿ ಬರ್ಲಿನ್ನಿನ ಸೆಲ್ಮಾರ್ ಆಶ್‌ಹೈಮ್ ಮತ್ತು ಬರ್ನ್‌ಹಾರ್ಡ್ ಜೋಂಡೆಕ್ ಬಸುರಿಯ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳ ಅಂಡಾಶಯ ಬಿಚ್ಚಿ ನೋಡಿದರು. ಇಲಿಯಾದ ಮೇಲೆ ಮೊಲ, ಮೊಲದ ನಂತರ ಆಫ್ರಿಕಾದ ಕಪ್ಪೆ ಬಂದವು. 1947ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ಗಾಲ್ಲಿ ಮೈನಿನಿ ಗಂಡು ನೆಲಗಪ್ಪೆಯನ್ನು ಹಿಡಿದರು. ಹೆಂಗಸಿನ ಮೂತ್ರವನ್ನು ಕಪ್ಪೆಯ ಚರ್ಮದಡಿ ಚುಚ್ಚಬೇಕು. ಎರಡು-ಮೂರು ಗಂಟೆ ಬಿಟ್ಟು ಅದು ಹೊರಹಾಕಿದ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಡಬೇಕು. ಓಡಾಡುವ ವೀರ್ಯಾಣು ಕಂಡರೆ ಗರ್ಭ ನಿಂತಿದೆ ಎಂದರ್ಥ. ಕಪ್ಪೆ ಸಾಯುವುದಿಲ್ಲ, ದಿನಗಟ್ಟಲೆ ಕಾಯಬೇಕಿಲ್ಲ, ಊರಿನ ಸಾಮಾನ್ಯ ನೆಲಗಪ್ಪೆಯೇ ಸಾಕು. ಹಾಗಾಗಿ ನಮ್ಮ ದೇಶಕ್ಕೂ ಅದು ಒಗ್ಗಿತು.

ಆದರೆ ಆ ಪ್ರಾಣಿಗಳು ಹೇಳುತ್ತಿದ್ದುದು ಹೌದು ಇಲ್ಲವೇ ಅಲ್ಲ ಎಂಬ ಉತ್ತರವನ್ನಷ್ಟೆ. ಹಾರ್ಮೋನು ಸಾಕಷ್ಟು ಏರುವ ತನಕ ಅವು ಸುಮ್ಮನಿರುತ್ತಿದ್ದವು. ಐದನೇ ವಾರದಲ್ಲೇ ಕೈಬಿಟ್ಟ ಗರ್ಭ ನಮ್ಮ ಅಜ್ಜಿಯರಿಗೆ ತಡವಾಗಿ ಬಂದ, ತುಸು ಜಾಸ್ತಿಯಾದ ಮುಟ್ಟಾಗಿತ್ತು. ಅವರು ಅದಕ್ಕೆ ಅತ್ತದ್ದಿಲ್ಲ, ಯಾರೂ ಅವರನ್ನು ದೂರಿದ್ದೂ ಇಲ್ಲ. ‘ಹಾರ್ಮೋನು ಕಡಿಮೆ’ ಎಂಬ ಚಿಂತೆ ಹುಟ್ಟಬೇಕಾದರೆ ಮೊದಲು ಆ ಕಡಿಮೆಯನ್ನು ಅಳೆಯುವ ಸಾಧನ ಬರಬೇಕಿತ್ತು.

ನ್ಯೂಯಾರ್ಕಿನ ರೋಸಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ವಿಕಿರಣದ ಗುರುತು ಹಚ್ಚಿ ರಕ್ತದ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದಾಗ ಆ ಸಾಧನ ಬಂತು. ಬರ್ಸನ್ ತೀರಿಕೊಂಡಿದ್ದರಿಂದ ಇಬ್ಬರಲ್ಲಿ ಯಾಲೋ ಅವರಿಗೆ ಮಾತ್ರ 1977ರ ನೊಬೆಲ್ಲಿನಲ್ಲಿ ಪಾಲು ಸಿಕ್ಕಿತು. ಇನ್ನೊಂದು ತೊಡಕು ಉಳಿದಿತ್ತು. ಎಚ್‌ಸಿಜಿಯ ಅರ್ಧ ಭಾಗ ಅಂಡಾಣು ಬಿಡುಗಡೆಯ ಹಾರ್ಮೋನಾದ ಎಲ್‌ಎಚ್‌ನಂತೆಯೇ ಇರುವುದರಿಂದ ಪರೀಕ್ಷೆ ಎರಡನ್ನೂ ಕಲಸಿಬಿಡುತ್ತಿತ್ತು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೂಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಎಚ್‌ಸಿಜಿಗೇ ಮೀಸಲಾದ ಬೀಟಾ ಭಾಗವನ್ನು ಗುರುತಿಸುವ ಪರೀಕ್ಷೆ ರೂಪಿಸಿದರು. ಇಂದಿನ ವರದಿಯಲ್ಲಿರುವ ‘ಬೀಟಾ’ ಅಲ್ಲಿಂದ ಬಂದದ್ದು. ಔಷಧದಂಗಡಿಯಲ್ಲಿ ಸಿಗುವ ಎರಡು ಗೆರೆಯ ಪಟ್ಟಿಯೂ ಇದೇ ವಂಶದ ಕುಡಿ.

ಮುಂಬಯಿಯಲ್ಲಿ ಈ ಚರಿತ್ರೆಯ ಮುಖ್ಯ ನೆಲೆ ಪರೇಲ್. ಕೆಇಎಂ, ವಾಡಿಯಾ ಹೆರಿಗೆ ಆಸ್ಪತ್ರೆ, ಟಾಟಾ ಮೆಮೋರಿಯಲ್, ಅಣುಶಕ್ತಿ ಇಲಾಖೆಯ ವಿಕಿರಣ ವೈದ್ಯ ಕೇಂದ್ರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನ ಸಂಶೋಧನಾ ಸಂಸ್ಥೆ ಎಲ್ಲವೂ ನಡೆದೇ ಮುಟ್ಟುವಷ್ಟು ಹತ್ತಿರ. 1986ರ ಆಗಸ್ಟ್ 6ರಂದು ಕೆಇಎಂನಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ, ದೇಶದ ಮೊದಲನೆಯದೆಂದು ಆಗ ಹೆಸರಾದ ಪ್ರನಾಳ ಶಿಶು ಹುಟ್ಟಿತು. ಸಂಶೋಧನಾ ಸಂಸ್ಥೆಯಲ್ಲಿ ಅವರ ಜೊತೆಗಿದ್ದವರು ಡಾ. ಟಿ. ಸಿ. ಆನಂದ್ ಕುಮಾರ್, ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಕಲ್ಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯ 1978ರಲ್ಲೇ ಇದನ್ನು ಸಾಧಿಸಿದ್ದರೆಂದು ಅವರ ಕಾಗದಪತ್ರ ಪರಿಶೀಲಿಸಿ ಜಗತ್ತಿಗೆ ಸಾರಿದವರೂ ಆನಂದ್ ಕುಮಾರರೇ. ತನಗೆ ಸಂದಿದ್ದ ಕೀರ್ತಿಯನ್ನು ಇನ್ನೊಬ್ಬರಿಗೆ ಒಪ್ಪಿಸಿದ ಅಂಥ ದೊಡ್ಡತನ ವಿಜ್ಞಾನದಲ್ಲಿ ಅಪರೂಪ.

ಪ್ರನಾಳ ಶಿಶು ವಿಧಾನದಿಂದ ಈ ಹಾರ್ಮೋನಿನ ಅಂಕಿಗೆ ಹೊಸ ಅರ್ಥ ಬಂತು. ಅಲ್ಲಿ ಭ್ರೂಣ ಕೂಡಿದ ದಿನ ಖಚಿತವಾಗಿ ಗೊತ್ತು. ಸಹಜವಾಗಿ ನಿಂತ ಬಸುರಿನಲ್ಲಿ ಅದು ಊಹೆ. ಮುಟ್ಟಿನ 14ನೇ ದಿನದ ಬದಲು 20ನೇ ದಿನ ಅಂಡಾಣು ಬಿಟ್ಟಿದ್ದರೆ, ಐದು ವಾರ ಎಂದು ಎಣಿಸಿದ ಬಸುರು ನಿಜಕ್ಕೂ ನಾಲ್ಕು ವಾರ ದಾಟಿ ಒಂದೆರಡು ದಿನವಷ್ಟೆ. ‘ಕಡಿಮೆ’ ಎಂದು ಕಾಣುವ ಎಷ್ಟೋ ಅಂಕಿಗಳ ಹಿಂದೆ ಈ ದಿನದ ಲೆಕ್ಕದ ವ್ಯತ್ಯಾಸವೇ ಇರುತ್ತದೆ. ಲ್ಯಾಬುಗಳು ಅಚ್ಚು ಹಾಕುವ ಪಟ್ಟಿಯನ್ನೇ ನೋಡಿ: ಐದನೇ ವಾರಕ್ಕೆ 18ರಿಂದ 7,340. ಇಷ್ಟು ಅಗಲದ ಅಂತರದಲ್ಲಿ ಯಾವುದು ಕಡಿಮೆ, ಯಾವುದು ಹೆಚ್ಚು?

ಆದ್ದರಿಂದ ಸಂಶೋಧಕರು ಅಂಕಿಯನ್ನು ಬಿಟ್ಟು ಏರಿಕೆಯನ್ನು ನೋಡತೊಡಗಿದರು. 1981ರಲ್ಲಿ ನಿಕೋಲಸ್ ಕಾಡಾರ್ ಮತ್ತು ಸಂಗಡಿಗರು ಹೇಳಿದ ಪ್ರಕಾರ ಆರೋಗ್ಯವಾದ ಬಸುರಿನಲ್ಲಿ 48 ಗಂಟೆಗೆ ಕನಿಷ್ಠ ಶೇ. 66 ಏರಬೇಕು. ‘ಎರಡು ದಿನಕ್ಕೆ ದುಪ್ಪಟ್ಟು’ ಎಂದು ಇಂದಿಗೂ ಕೇಳಿಬರುವ ಮಾತಿಗೆ ಇಂಥ ಅಧ್ಯಯನಗಳೇ ಮೂಲ. 2004ರಲ್ಲಿ ಕರ್ಟ್ ಬಾರ್ನ್‌ಹಾರ್ಟ್ ತಂಡ ಈ ಕನಿಷ್ಠವನ್ನು ಶೇ. 53ಕ್ಕೆ ಇಳಿಸಿತು. 2016ರಲ್ಲಿ ಅವರೇ ಇನ್ನಷ್ಟು ಸಡಿಲಿಸಿದರು: ಮೊದಲ ಅಂಕಿ 1,500ಕ್ಕಿಂತ ಕೆಳಗಿದ್ದರೆ ಶೇ. 49, ಅಲ್ಲಿಂದ 3,000ದವರೆಗೆ ಶೇ. 40, ಅದಕ್ಕೂ ಮೇಲಿದ್ದರೆ ಶೇ. 33.

ಸೋಮವಾರ 180, ಬುಧವಾರ 290 ಬಂದಿದೆ ಎಂದುಕೊಳ್ಳೋಣ. ಏರಿಕೆ ಶೇ. 61. 1981ರ ಅಳತೆಯಲ್ಲಿ ಈ ಬಸುರು ಅನುಮಾನದ ಪಟ್ಟಿಗೆ ಸೇರುತ್ತಿತ್ತು. 2004ರ ಅಳತೆಯಲ್ಲಿ ಆರಾಮವಾಗಿ ದಾಟುತ್ತದೆ. ಹೆಂಗಸು ಅವಳೇ, ರಕ್ತ ಅದೇ. ನಡುವಿನ ವರ್ಷಗಳಲ್ಲಿ ‘ದುಪ್ಪಟ್ಟಾಗಲಿಲ್ಲ’ ಎಂಬ ಮಾತು ಕೇಳಿ ಅದೆಷ್ಟು ಮಂದಿ ಆಸೆ ಬಿಟ್ಟಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ಸೋನೋಗ್ರಫಿಯ ಕಥೆಯೂ ಇದೇ ದಿಕ್ಕಿನದು. ಹೊಟ್ಟೆಯ ಮೇಲಿಂದ ನೋಡುತ್ತಿದ್ದ ಕಾಲದಲ್ಲಿ ಎಚ್‌ಸಿಜಿ 6,500 ದಾಟಿದರೆ ಗರ್ಭಚೀಲ ಕಾಣಲೇಬೇಕು ಎನ್ನುತ್ತಿದ್ದರು. ಯೋನಿಮಾರ್ಗದ ಸೋನೋಗ್ರಫಿ ಬಂದ ಮೇಲೆ ಆ ಗಡಿ 1,500–2,000ಕ್ಕೆ ಇಳಿಯಿತು. ಆ ಗಡಿಯನ್ನು ನಂಬಿ ಗರ್ಭ ಕರಗಿಸುವ ಔಷಧಿ ಕೊಟ್ಟರೆ ಜೀವಂತ ಗರ್ಭವೂ ಹಾಳಾದೀತು ಎಂದು 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೀಟರ್ ಡೌಬಿಲೆಟ್ ಮತ್ತಿತರರು ಎಚ್ಚರಿಸಿದರು. 2018ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ, ಇಂಥ ಗಡಿ ಬಳಸುವುದೇ ಆದರೆ 3,500ರಷ್ಟು ಮೇಲಿಡಿ ಎಂದಿತು. ಅವಳಿ ಗರ್ಭದಲ್ಲಿ ಅಂಕಿ ಮೊದಲೇ ಏರಿರುತ್ತದೆ, ಚೀಲ ಮಾತ್ರ ಇನ್ನೂ ಕಣ್ಣಿಗೆ ಬಿದ್ದಿರುವುದಿಲ್ಲ.

ಸೋನೋಗ್ರಫಿಗೆ ಕಾನೂನಿನ ಚೌಕಟ್ಟೂ ಇದೆ. ಮಹಾರಾಷ್ಟ್ರ 1988ರಲ್ಲೇ ಭ್ರೂಣಲಿಂಗ ಪತ್ತೆಗೆ ಕಡಿವಾಣ ಹಾಕುವ ಕಾನೂನು ತಂದ ರಾಜ್ಯ, 1994ರಲ್ಲಿ ದೇಶಕ್ಕೇ ಕಾನೂನು ಬಂತು. ಬಸುರಿಯ ಸೋನೋಗ್ರಫಿ ನೋಂದಾಯಿತ ಕೇಂದ್ರದಲ್ಲಿ, ‘ಫಾರ್ಮ್ ಎಫ್’ ತುಂಬಿಸಿಯೇ ನಡೆಯಬೇಕು. ಇದು ಬೇಕೇ ಬೇಕಾದ ಕಟ್ಟುಪಾಡು. ರಕ್ತ ಕೊಡಲು ಮಾತ್ರ ಅಂಥ ತಡೆಯಿಲ್ಲ, ಮನೆಬಾಗಿಲಿಗೇ ಬಂದು ಒಯ್ಯುತ್ತಾರೆ. ಹೀಗಾಗಿ ಚಿತ್ರಕ್ಕಿಂತ ಮೊದಲು ಅಂಕಿ ಕೈಸೇರುತ್ತದೆ.

ಅಂಕಿ ನಿಜಕ್ಕೂ ನಿಧಾನವಾಗಿ ಏರುತ್ತಿದ್ದರೆ ಮೂರು ಸಾಧ್ಯತೆ ಉಳಿಯುತ್ತವೆ. ಬಸುರು ಚೆನ್ನಾಗಿಯೇ ಇರಬಹುದು, ನಿಲ್ಲದೆ ಹೋಗುತ್ತಿರಬಹುದು, ಇಲ್ಲವೇ ಗರ್ಭನಾಳದಲ್ಲಿ ಕೂತಿರಬಹುದು. ಮೂರನೆಯದು ನೂರರಲ್ಲಿ ಒಂದೆರಡು ಬಸುರಿನಲ್ಲಿ ಮಾತ್ರ ಕಾಣುತ್ತದೆ, ಆದರೆ ಪ್ರಾಣಕ್ಕೆ ಸಂಚಕಾರ. ಹಾರ್ಮೋನು ಕಡಿಮೆಯಿದ್ದರೂ ನಾಳ ಒಡೆಯಬಹುದು. ಹೊಟ್ಟೆಯ ಒಂದು ಪಕ್ಕ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಮುಂದಿನ ವರದಿಗೆ ಕಾಯದೆ, ಅರ್ಧರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಹಾರ್ಮೋನು ಕಡಿಮೆಯೆಂದು ಅದನ್ನೇ ಇಂಜೆಕ್ಷನ್ನಿನಲ್ಲಿ ತುಂಬಿಕೊಡುವ ರೂಢಿಗೆ ಗಟ್ಟಿ ಆಧಾರವಿಲ್ಲ. ಕಡಿಮೆ ಮಟ್ಟ ಗರ್ಭದ ಸ್ಥಿತಿಯ ಸೂಚನೆ, ಅದರ ಕಾರಣವಲ್ಲ. ಮೇಲಾಗಿ ಎಚ್‌ಸಿಜಿ ಚುಚ್ಚುಮದ್ದು ರಕ್ತದಲ್ಲಿ ದಿನಗಟ್ಟಲೆ ಉಳಿದು ಮುಂದಿನ ಪರೀಕ್ಷೆಯನ್ನೇ ಕೆಡಿಸುತ್ತದೆ. ಪ್ರೊಜೆಸ್ಟೆರಾನ್ ಬಗ್ಗೆ ಬ್ರಿಟನ್ನಿನಲ್ಲಿ 4,153 ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ‘ಪ್ರಿಸ್ಮ್’ ಅಧ್ಯಯನದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹಿಂದೆ ಗರ್ಭಪಾತವಾಗಿ ಈಗಲೂ ರಕ್ತ ಹೋಗುತ್ತಿದ್ದವರಿಗೆ ಮಾತ್ರ ಅದು ನೆರವಾದಂತೆ ಕಂಡಿತು.

1988ರಲ್ಲಿ ಅಲೆನ್ ವಿಲ್ಕಾಕ್ಸ್ ತಂಡ ದಿನದಿನದ ಮೂತ್ರ ಪರೀಕ್ಷಿಸಿ, ಗರ್ಭಕೋಶಕ್ಕೆ ಅಂಟಿಕೊಂಡ ಗರ್ಭಗಳಲ್ಲಿ ಶೇ. 31 ಕೈಬಿಡುತ್ತವೆ, ಅವುಗಳಲ್ಲಿ ಬಹುಪಾಲು ಹೆಂಗಸಿಗೆ ಗೊತ್ತಾಗುವ ಮೊದಲೇ ಹೋಗುತ್ತವೆ ಎಂದು ತೋರಿಸಿತು. ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕಾದರೂ ಕ್ರೋಮೋಸೋಮಿನ ಏರುಪೇರು ಕಾರಣ. ಲೋಕಲಿನಲ್ಲಿ ನಿಂತು ಹೋದದ್ದು, ಮೆಟ್ಟಿಲು ಹತ್ತಿದ್ದು ಕಾರಣವಲ್ಲ. ಸೊಸೆಯನ್ನು ದೂರುವ ಅತ್ತೆಯಂದಿರಿಗೂ, ತನ್ನನ್ನೇ ದೂರಿಕೊಳ್ಳುವ ಸೊಸೆಯಂದಿರಿಗೂ ಈ ಮಾತು ಕಿವಿಗೆ ಬೀಳಲಿ.

ಮುಂಬಯಿಯ ಲ್ಯಾಬುಗಳಲ್ಲಿ ನನ್ನ ಕೋರಿಕೆ ಇಷ್ಟು. ವಾರದ ಪಟ್ಟಿಯ ಮೇಲ್ಗಡೆ, ಅಂಕಿಗಿಂತ ಚಿಕ್ಕದಲ್ಲದ ಅಕ್ಷರದಲ್ಲಿ, ಮರಾಠಿ, ಹಿಂದಿಯಲ್ಲೂ ಸಾಧ್ಯವಾದರೆ ಕನ್ನಡದಲ್ಲೂ ಹೀಗೆ ಅಚ್ಚು ಹಾಕಿ: ‘ಒಂದೇ ಪರೀಕ್ಷೆಯಿಂದ ಏನನ್ನೂ ನಿರ್ಧರಿಸಬೇಡಿ. 48 ಗಂಟೆ ಬಿಟ್ಟು ಇದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಿ, ಎರಡೂ ವರದಿಯನ್ನು ಡಾಕ್ಟರಿಗೆ ತೋರಿಸಿ. ನೋವಿದ್ದರೆ ಈಗಲೇ ಆಸ್ಪತ್ರೆಗೆ ಹೋಗಿ.’