ಟ್ರೂಮನ್ ಮರಳಿಸಿದ ಉಕ್ಕಿನ ಕಾರ್ಖಾನೆಗಳು

1952ರ ಏಪ್ರಿಲ್ 8ರ ರಾತ್ರಿ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ರೇಡಿಯೊದಲ್ಲಿ ಮಾತನಾಡಿ, ದೇಶದ ಬಹುಪಾಲು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತಿದೆ ಎಂದು ಘೋಷಿಸಿದರು. ಮಧ್ಯರಾತ್ರಿ ಕಳೆದರೆ ಕಾರ್ಮಿಕರ ಮುಷ್ಕರ ಶುರುವಾಗುವುದಿತ್ತು. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಉಕ್ಕಿನ ಉತ್ಪಾದನೆ ನಿಂತರೆ ರಣರಂಗದಲ್ಲಿರುವ ಸೈನಿಕರಿಗೆ ಶಸ್ತ್ರಾಸ್ತ್ರ ಸಿಗುವುದಿಲ್ಲ ಎಂಬುದು ಅವರ ವಾದ.

ಈ ಪ್ರಕರಣವನ್ನು ಸರ್ವಾಧಿಕಾರಿಯೊಬ್ಬನಿಗೆ ನ್ಯಾಯಾಲಯ ಮೂಗುದಾರ ಹಾಕಿದ ಕಥೆಯಂತೆ ಹೇಳುವ ರೂಢಿಯಿದೆ. ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಕೂಲಿ ಹೆಚ್ಚಿಸಬೇಕೆಂದು ಸರ್ಕಾರದ ವೇತನ ಮಂಡಳಿಯೇ ಶಿಫಾರಸು ಮಾಡಿತ್ತು. ಕಾರ್ಮಿಕ ಸಂಘ ಮುಷ್ಕರವನ್ನು ಮತ್ತೆ ಮತ್ತೆ ಮುಂದೂಡಿತ್ತು. ಉಕ್ಕಿನ ಬೆಲೆ ಏರಿಸದೆ ಕೂಲಿ ಏರಿಸುವುದಿಲ್ಲ ಎಂದು ಹಟ ಹಿಡಿದವರು ಮಾಲೀಕರು. ಟ್ರೂಮನ್ ಕೈಯಲ್ಲಿ ಟಾಫ್ಟ್-ಹಾರ್ಟ್ಲಿ ಎಂಬ 1947ರ ಕಾಯ್ದೆಯಿತ್ತು. ಅದರಡಿ ನ್ಯಾಯಾಲಯದ ಮೂಲಕ ಮುಷ್ಕರವನ್ನು 80 ದಿನ ತಡೆಯಬಹುದಿತ್ತು. ಅವರು ವೀಟೋ ಮಾಡಿದ್ದರೂ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಅದನ್ನು ಜಾರಿಗೆ ತಂದಿತ್ತು. ಈಗಾಗಲೇ ಕಾದು ದಣಿದ ಕಾರ್ಮಿಕರನ್ನು ಅದೇ ಕಾಯ್ದೆಯಿಂದ ಕಟ್ಟಿಹಾಕಲು ಅವರಿಗೆ ಮನಸ್ಸಿರಲಿಲ್ಲ. ನ್ಯಾಯ ಬಹುಮಟ್ಟಿಗೆ ಟ್ರೂಮನ್ ಕಡೆಗಿತ್ತು, ಕಾನೂನು ಇರಲಿಲ್ಲ.

ಕಂಪನಿಗಳು ಕೋರ್ಟಿಗೆ ಹೋದವು. ಅಧ್ಯಕ್ಷರ ಅಧಿಕಾರಕ್ಕೆ ಮಿತಿ ಯಾವುದು ಎಂದು ಜಿಲ್ಲಾ ನ್ಯಾಯಾಧೀಶ ಡೇವಿಡ್ ಪೈನ್ ಕೆದಕಿದಾಗ, ಸರ್ಕಾರಿ ವಕೀಲರು ಎರಡೇ ಮಿತಿಗಳನ್ನು ಹೇಳಿದರು: ಮತಪೆಟ್ಟಿಗೆ ಮತ್ತು ಮಹಾಭಿಯೋಗ. ಅಂದರೆ ನಡುವಿನ ವರ್ಷಗಳಲ್ಲಿ ಕೇಳುವವರಿಲ್ಲ! ಪತ್ರಿಕೆಗಳು ಹರಿಹಾಯ್ದವು, ಟ್ರೂಮನ್ ಅವರೇ ಆ ಮಾತಿನಿಂದ ದೂರ ಸರಿಯಬೇಕಾಯಿತು. ಪೈನ್ ಕಂಪನಿಗಳ ಪರ ತೀರ್ಪಿತ್ತರು.

ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ರೂಸ್‌ವೆಲ್ಟ್ ಇಲ್ಲವೇ ಟ್ರೂಮನ್ ನೇಮಿಸಿದವರು. ಆದರೂ ಜೂನ್ 2ರಂದು 6-3ರಿಂದ ಸರ್ಕಾರ ಸೋತಿತು. ಅಧ್ಯಕ್ಷರು ಕಾನೂನನ್ನು ಶಿಫಾರಸು ಮಾಡಬಹುದು, ವೀಟೋ ಮಾಡಬಹುದು, ಆದರೆ ತಾವೇ ಕಾನೂನು ರಚಿಸುವಂತಿಲ್ಲ ಎಂದು ಹ್ಯೂಗೊ ಬ್ಲ್ಯಾಕ್ ಬರೆದರು. ಇಂದು ಹೆಚ್ಚು ಓದುವುದು ರಾಬರ್ಟ್ ಜಾಕ್ಸನ್ ಬರೆದ ಸಹಮತದ ತೀರ್ಪನ್ನು. ಕಾಂಗ್ರೆಸ್ ಒಪ್ಪಿದಾಗ ಅಧ್ಯಕ್ಷರ ಬಲ ಗರಿಷ್ಠ, ಅದು ಮೌನವಾಗಿದ್ದಾಗ ಮಬ್ಬುಬೆಳಕಿನ ವಲಯ, ಅದರ ಇಚ್ಛೆಗೆ ವಿರುದ್ಧ ಹೋದಾಗ ಬಲ ಅತಿ ಕನಿಷ್ಠ ಎಂದರು ಜಾಕ್ಸನ್. ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರ ಕೊಡುವ ಪ್ರಸ್ತಾಪವನ್ನು 1947ರಲ್ಲಿ ಕಾಂಗ್ರೆಸ್ ತಿರಸ್ಕರಿಸಿತ್ತು. ಟ್ರೂಮನ್ ನಿಂತಿದ್ದದ್ದು ಮೂರನೆಯ ಜಾಗದಲ್ಲಿ.

ಇದೇ ಜಾಕ್ಸನ್ 1941ರಲ್ಲಿ ರೂಸ್‌ವೆಲ್ಟರ ಅಟಾರ್ನಿ ಜನರಲ್ ಆಗಿದ್ದಾಗ ವಿಮಾನ ಕಾರ್ಖಾನೆಯೊಂದರ ಸ್ವಾಧೀನವನ್ನು ಸಮರ್ಥಿಸಿದ್ದವರು. ಅದನ್ನು ನೆನಪಿಸಿದಾಗ, ಅಂದಿನ ಪಕ್ಷಪಾತದ ವಕಾಲತ್ತು ಇಂದಿನ ನ್ಯಾಯಮೂರ್ತಿಯನ್ನು ಕಟ್ಟಿಹಾಕಲಾರದು ಎಂಬರ್ಥದಲ್ಲಿ ಬರೆದರು. ಟ್ರೂಮನ್ ನೇಮಿಸಿದ್ದ ಟಾಮ್ ಕ್ಲಾರ್ಕ್ ಕೂಡ ಅಟಾರ್ನಿ ಜನರಲ್ ಆಗಿದ್ದಾಗ ಅಧ್ಯಕ್ಷರ ತುರ್ತು ಅಧಿಕಾರವನ್ನು ಎತ್ತಿಹಿಡಿದಿದ್ದರು. ಈಗ ವಿರುದ್ಧ ಮತ ಹಾಕಿದರು. ಕುರ್ಚಿ ಬದಲಾದರೆ ಮಾತೂ ಬದಲಾಗುತ್ತದೆ ಎಂದು ಇಲ್ಲಿ ನಗಬಹುದು. ನನಗನ್ನಿಸುವುದು ಬೇರೆ: ಆ ಅಧಿಕಾರದ ರುಚಿಯನ್ನು ಒಳಗಿನಿಂದ ಬಲ್ಲವರೇ ಅದಕ್ಕೆ ಹೆದರಿದರು.

ಕೋರ್ಟಿನ ಬಳಿ ಸೈನ್ಯವಿಲ್ಲ. 1861ರಲ್ಲಿ ಜಾನ್ ಮೆರ್ರಿಮನ್ ಎಂಬ ಬಂಧಿಯನ್ನು ಹಾಜರುಪಡಿಸಬೇಕೆಂದು ಮುಖ್ಯ ನ್ಯಾಯಮೂರ್ತಿ ಟಾನಿ ಆದೇಶಿಸಿದಾಗ ಸೇನಾಧಿಕಾರಿ ಒಪ್ಪಲಿಲ್ಲ, ಲಿಂಕನ್ ಕಿವಿಗೊಡಲಿಲ್ಲ. ಟ್ರೂಮನ್ ಹಾಗೆ ಮಾಡದೆ ಅಂದೇ ಕಾರ್ಖಾನೆಗಳನ್ನು ಮರಳಿಸಿದರು. ಕೋಪವೇನೂ ಕಡಿಮೆ ಇರಲಿಲ್ಲ. ಬ್ಲ್ಯಾಕ್ ಅವರನ್ನು ಮನೆಗೆ ಕರೆದು ಔತಣವಿತ್ತಾಗ, ನಿಮ್ಮ ಕಾನೂನು ಹಿಡಿಸದಿದ್ದರೂ ಬೋರ್ಬನ್ ಚೆನ್ನಾಗಿದೆ ಎಂದರಂತೆ.

ಜಾಕ್ಸನ್ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಕಾಂಗ್ರೆಸ್ಸಿನ ಬೆರಳ ಸಂದಿಯಿಂದ ಅಧಿಕಾರ ಜಾರಿಹೋಗದಂತೆ ತಡೆಯಬಲ್ಲದ್ದು ಕಾಂಗ್ರೆಸ್ ಮಾತ್ರ, ಕೋರ್ಟಲ್ಲ ಎಂಬುದು ಅದರ ಸಾರ. ಸ್ವಾಧೀನವಾದ ಮರುದಿನವೇ ಟ್ರೂಮನ್ ಕಾಂಗ್ರೆಸ್ಸಿಗೆ ಬರೆದು ಬೇರೆ ದಾರಿ ಸೂಚಿಸುವ ಅವಕಾಶ ಕೊಟ್ಟಿದ್ದರು. ಅದು ಸುಮ್ಮನಿತ್ತು. ತೀರ್ಪಿನ ನಂತರ, ಜೂನ್ 10ರಂದು, ಸ್ವಾಧೀನಕ್ಕೆ ಕಾನೂನು ಮಾಡಿಕೊಡಿ ಎಂದು ಮತ್ತೆ ಕೇಳಿದರು. ಟಾಫ್ಟ್-ಹಾರ್ಟ್ಲಿ ಬಳಸಿ ಎಂಬ ಉತ್ತರ ಬಂತು. ಅವರು ಬಳಸಲಿಲ್ಲ. ಮುಷ್ಕರ 53 ದಿನ ನಡೆಯಿತು. ಜುಲೈ ಕೊನೆಗೆ ಕೂಲಿಯೂ ಏರಿತು, ಉಕ್ಕಿನ ಬೆಲೆಯೂ ಏರಿತು.