ಭೌತಶಾಸ್ತ್ರದ ಮೊದಲ ಪುಸ್ತಕ

ಒಂದು ಶಾಸ್ತ್ರದಲ್ಲಿ ಪ್ರೌಢಗ್ರಂಥವನ್ನು ರಚಿಸುವುದು ಕಷ್ಟವೆಂದು ಎಲ್ಲರೂ ಒಪ್ಪುತ್ತಾರೆ. ಆ ಶಾಸ್ತ್ರಕ್ಕೆ ಹೊಸಬರಾದ ಬಾಲಕ ಬಾಲಿಕೆಯರ ಕೈಗೆ ಕೊಡತಕ್ಕ ಮೊದಲ ಪುಸ್ತಕವನ್ನು ರಚಿಸುವುದು ಅದಕ್ಕಿಂತಲೂ ಕಷ್ಟವೆಂದು ಒಪ್ಪುವವರು ವಿರಳ. ಪ್ರೌಢಗ್ರಂಥವನ್ನು ಓದುವವನು ಅದರಲ್ಲಿರುವ ಕೊರತೆಯನ್ನು ತನ್ನ ಬುದ್ಧಿಯಿಂದ ತುಂಬಿಕೊಳ್ಳಬಲ್ಲನು. ಮೊದಲ ಪುಸ್ತಕವನ್ನು ಓದುವವನಿಗೆ ಆ ಬಲವಿರುವುದಿಲ್ಲ. ಪುಸ್ತಕದಲ್ಲಿ ಒಂದು ಮೆಟ್ಟಿಲು ತಪ್ಪಿದ್ದರೆ ಆ ಎಳೆಯನು ತನ್ನ ಬುದ್ಧಿಯೇ ಮಂದವೆಂದು ತಿಳಿದು ಶಾಸ್ತ್ರವನ್ನೇ ತೊರೆಯುತ್ತಾನೆ. ನಮ್ಮ ನಾಡಿನಲ್ಲಿ ಭೌತಶಾಸ್ತ್ರದ ಮೊದಲ ಪುಸ್ತಕವು ಹೊಸ ವಿದ್ಯಾರ್ಥಿಗೆ ಎಷ್ಟರಮಟ್ಟಿಗೆ ನೆರವಾಗಿದೆ, ಎಲ್ಲಿ ಅವನ ಕೈ ಬಿಟ್ಟಿದೆ ಎಂಬುದನ್ನು ಹಿಂದಿನ ಕಾಲದಿಂದ ನೋಡಿಕೊಂಡು ಬರುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಬೆಂಗಳೂರಿನ ದಕ್ಷಿಣ ಭಾಗವು ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. ಬನಶಂಕರಿ ಮೂರನೆಯ ಹಂತದಲ್ಲಿ, ನೂರು ಅಡಿ ವರ್ತುಲ ರಸ್ತೆಯ ಮೇಲೆ, ಕರ್ನಾಟಕ ಪಠ್ಯಪುಸ್ತಕ ಸಂಘವಿದೆ. ಬೀದರಿನಿಂದ ಚಾಮರಾಜನಗರದವರೆಗೆ ಶಾಲೆಯ ಮಕ್ಕಳು ಹಿಡಿಯುವ ಪುಸ್ತಕಗಳು ಅದರ ಹೆಸರನ್ನು ಹೊತ್ತಿರುತ್ತವೆ. ಎರಡನೆಯ ಹಂತದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನವಿದೆ. ಸ್ವಲ್ಪ ದಕ್ಷಿಣಕ್ಕೆ, ಕುಮಾರಸ್ವಾಮಿ ಲೇಔಟಿನ ಶಾವಿಗೆ ಮಲ್ಲೇಶ್ವರ ಬೆಟ್ಟದ ಮೇಲೆ, 1979ರಲ್ಲಿ ಸ್ಥಾಪಿತವಾದ ದಯಾನಂದ ಸಾಗರ ಎಂಜಿನಿಯರಿಂಗ್ ಕಾಲೇಜಿದೆ. ಈ ಮೂರನ್ನೂ ಒಂದು ಬೆಳಗಿನ ಕಾಲ್ನಡಿಗೆಯಲ್ಲಿ ನೋಡಿ ಬರಬಹುದು. ಆದರೆ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಗೆ, ರಸ್ತೆಯ ಮೇಲಿನ ಆ ಪುಸ್ತಕದಿಂದ ಬೆಟ್ಟದ ಮೇಲಿನ ಆ ತರಗತಿಗೆ ಇರುವ ದಾರಿ ಅಷ್ಟು ಹತ್ತಿರದ್ದಲ್ಲ. ನಡುವೆ ಪಿ.ಯು.ಸಿ. ಎಂಬ ಎರಡು ವರ್ಷಗಳ ಕಣಿವೆಯಿದೆ. ಕಣಿವೆಯ ಈಚೆಗೆ ಒಂದು ಭಾಷೆ, ಆಚೆಗೆ ಮತ್ತೊಂದು.

ಈ ಕಣಿವೆ ನಿನ್ನೆ ಮೊನ್ನೆ ಉಂಟಾದುದಲ್ಲ. ಮೈಸೂರು ಸಂಸ್ಥಾನದಲ್ಲಿ ಪಾಶ್ಚಾತ್ಯ ವಿಜ್ಞಾನದ ಉನ್ನತ ಶಿಕ್ಷಣಕ್ಕೆ ನೆಲೆಯಾದುದು ಬೆಂಗಳೂರಿನ ಸೆಂಟ್ರಲ್ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಆರಂಭವಾದ ಆ ಸಂಸ್ಥೆಯಲ್ಲಿ ಪಾಠವೂ ಇಂಗ್ಲಿಷಿನಲ್ಲಿ, ಪುಸ್ತಕವೂ ಇಂಗ್ಲಿಷಿನಲ್ಲಿ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲೂ ವಿಜ್ಞಾನದ ಮಟ್ಟಿಗೆ ಈ ಕ್ರಮ ಬದಲಾಗಲಿಲ್ಲ. ಇದರಿಂದಾಗುವ ನಷ್ಟವನ್ನು ಮೊದಲು ಮನಗಂಡವರಲ್ಲಿ ಆ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಮುಖ್ಯರು. 1872ರಲ್ಲಿ ಜನಿಸಿ 1943ರಲ್ಲಿ ಕಾಲವಾದ ಈ ಮಹನೀಯರು, 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿಗಾಗಿಯೂ ದುಡಿದರು, 1931ರಲ್ಲಿ ಪ್ರಕಟವಾದ ಪಂಪಭಾರತದ ಸಂಪಾದನೆಯಲ್ಲಿಯೂ ಶ್ರಮಿಸಿದರು. ಹಳಗನ್ನಡದ ಓಲೆಗರಿಯನ್ನೂ ಪ್ರಯೋಗಶಾಲೆಯ ಯಂತ್ರವನ್ನೂ ಒಂದೇ ಶ್ರದ್ಧೆಯಿಂದ ನೋಡಬಲ್ಲವರು ಅವರು. ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ, ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ, 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಅವರು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಆದರೂ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೇ ಎಂಬ ಸಂದೇಹಕ್ಕೆ, ಹೇಳಿಯೇ ಉತ್ತರವನ್ನು ಕೊಟ್ಟಿತು.

1928ರ ಮಾರ್ಚ್ 16ರಂದು ಸಿ. ವಿ. ರಾಮನ್ನರು ಬೆಳಕಿನ ಚದರುವಿಕೆಯಲ್ಲಿ ತಾವು ಕಂಡ ಹೊಸ ಸಂಗತಿಯನ್ನು ಬೆಂಗಳೂರಿನಲ್ಲಿಯೇ ವಿದ್ವತ್ಸಭೆಯ ಮುಂದೆ ವಿವರಿಸಿದರು. ಲೋಕವೇ ಕಿವಿಗೊಟ್ಟು ಕೇಳಿದ ಆ ಮಾತನ್ನು ಇದೇ ಊರಿನ ಬಾಲಕನಿಗೆ ಅವನ ಮನೆಯ ಮಾತಿನಲ್ಲಿ ತಿಳಿಯಪಡಿಸುವ ಕಾರ್ಯವು ಆಗಿನ್ನೂ ಶೈಶವದಲ್ಲಿತ್ತು. ಮುಂದೆ 1936ರಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಬಂದವು. ನ್ಯಾಷನಲ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕರಾದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ವಿಜ್ಞಾನ ಪರಿಷತ್ತು ರೂಪುಗೊಂಡು, ‘ಬಾಲವಿಜ್ಞಾನ’ ಪತ್ರಿಕೆಯು ಶಾಲೆಗಳ ಬಾಗಿಲಿಗೆ ಹೋಯಿತು. ಇವೆಲ್ಲವೂ ಪಠ್ಯಪುಸ್ತಕದ ಹೊರಗೆ ನಡೆದ ಸೇವೆ. ಪಠ್ಯಪುಸ್ತಕದ ಒಳಗೆ ಏನಾಯಿತೆಂಬುದನ್ನು ನೋಡಬೇಕಾದರೆ ಪರಿಭಾಷೆಯಿಂದಲೇ ಆರಂಭಿಸಬೇಕು.

ಕನ್ನಡದ ವಿಜ್ಞಾನ ಲೇಖಕರು ಪದಗಳಿಗಾಗಿ ಹೆಚ್ಚಾಗಿ ಸಂಸ್ಕೃತದ ಭಂಡಾರವನ್ನೇ ತೆರೆದರು. ಕೆಲವೆಡೆ ಇದರಿಂದ ಬಹಳ ಸೊಗಸಾದ ಫಲ ದೊರೆಯಿತು. ಗಾಜಿನ ‘ಮಸೂರ’ವೆಂಬ ಪದವನ್ನು ತೆಗೆದುಕೊಳ್ಳಿ. ಅದು ಅಡುಗೆಮನೆಯ ಮಸೂರ್ ಬೇಳೆಯ ಹೆಸರೇ ಆಗಿದೆ. ಯೂರೋಪಿನವರು ಲೆನ್ಸ್ ಎನ್ನುವುದೂ ಲ್ಯಾಟಿನ್ ಭಾಷೆಯಲ್ಲಿ ಅದೇ ಕಾಳಿನ ಹೆಸರು. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಆ ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡ ಮಗುವಿಗೆ ಪೀನ ಮಸೂರದ ಆಕಾರವನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಸಂಬಂಧವನ್ನು ಪುಸ್ತಕವು ಎತ್ತಿ ಹೇಳದಿದ್ದರೆ ಮಸೂರವು ಬಾಯಿಪಾಠದ ಮತ್ತೊಂದು ಶಬ್ದವಾಗಿಯೇ ಉಳಿಯುತ್ತದೆ.

ಕೆಲವೆಡೆ ಪದವೇ ವಿದ್ಯಾರ್ಥಿಯನ್ನು ದಾರಿ ತಪ್ಪಿಸುವುದುಂಟು. ವೇಗವು ಕಾಲಕ್ರಮದಲ್ಲಿ ಬದಲಾಗುವ ದರಕ್ಕೆ ನಮ್ಮ ಪುಸ್ತಕಗಳು ‘ವೇಗೋತ್ಕರ್ಷ’ವೆಂದು ಹೆಸರಿಟ್ಟಿವೆ. ಉತ್ಕರ್ಷವೆಂದರೆ ಏರಿಕೆ. ಒಂದು ಕಲ್ಲನ್ನು ನೆಟ್ಟಗೆ ಮೇಲಕ್ಕೆಸೆದರೆ ಅದರ ವೇಗವು ಕುಗ್ಗುತ್ತಾ ಹೋಗಿ ತುದಿಯಲ್ಲಿ ಶೂನ್ಯವಾಗುತ್ತದೆ. ಆ ಕ್ಷಣದಲ್ಲಿಯೂ ಅದರ ವೇಗೋತ್ಕರ್ಷವು ಕೆಳಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್ ಇದ್ದೇ ಇರುತ್ತದೆ. ವೇಗವೇ ಇಲ್ಲದಿರುವಾಗ ಅದರ ಉತ್ಕರ್ಷವೆಲ್ಲಿಂದ ಬಂತೆಂದು ಜಾಣ ವಿದ್ಯಾರ್ಥಿಯು ಕೇಳಿಯೇ ಕೇಳುತ್ತಾನೆ. ಇಂಗ್ಲಿಷಿನ ಪದಕ್ಕೂ ತ್ವರೆಗೊಳಿಸುವುದೆಂಬ ಲೌಕಿಕ ಅರ್ಥವೇ ಇರುವುದರಿಂದ ಈ ದೋಷವನ್ನು ಕನ್ನಡದ ಮೇಲೆ ಮಾತ್ರ ಹೊರಿಸಲಾಗದು. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳ ಸ್ಥಿತಿಯೂ ಹೀಗೆಯೇ. ಬೀದಿಯಲ್ಲಿ ಅವು ಒಂದೇ. ಶಾಸ್ತ್ರದಲ್ಲಿ ಮೂರೂ ಬೇರೆ. ಒಳ್ಳೆಯ ಮೊದಲ ಪುಸ್ತಕವು ಬೀದಿಯ ಅರ್ಥವನ್ನು ಮೊದಲು ಒಪ್ಪಿಕೊಂಡು, ಅದು ಎಲ್ಲಿ ಸಾಲದೆಂಬುದನ್ನು ತೋರಿಸಿ, ಆಮೇಲೆ ಶಾಸ್ತ್ರದ ಅರ್ಥವನ್ನು ಕೊಡುತ್ತದೆ. ವಸ್ತುವಿಗಿಂತ ಮೊದಲು ಹೆಸರನ್ನು ಕೊಡುವ ಪುಸ್ತಕವು ನಿಘಂಟಿನ ಕೆಲಸವನ್ನು ಮಾಡೀತೇ ಹೊರತು ಗುರುವಿನ ಕೆಲಸವನ್ನು ಮಾಡಲಾರದು.

ಈ ದೃಷ್ಟಿಯಿಂದ, ಎನ್‌ಸಿಇಆರ್‌ಟಿ ಸಂಸ್ಥೆಯು 2006ರಲ್ಲಿ ಹೊರತಂದು, ಮುಂದೆ ಕನ್ನಡಕ್ಕೂ ಅನುವಾದವಾಗಿ ನಮ್ಮ ಶಾಲೆಗಳಿಗೆ ಬಂದ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಪರೀಕ್ಷಿಸಬಹುದು. ಅದರಲ್ಲಿ ಚಲನೆಯ ನಿಯಮಗಳ ಅಧ್ಯಾಯವು ಶ್ಲಾಘನೆಗೆ ಅರ್ಹವಾಗಿದೆ. ಕೇರಂ ಕಾಯಿಗಳನ್ನು ಒಂದರ ಮೇಲೊಂದು ಪೇರಿಸಿ, ಸ್ಟ್ರೈಕರಿನಿಂದ ತಳದ ಕಾಯನ್ನು ಹೊಡೆಯಿರೆಂದು ಅದು ಹೇಳುತ್ತದೆ. ತಳದ ಕಾಯಿ ಹಾರಿಹೋಗುತ್ತದೆ. ಮೇಲಿನವು ಇದ್ದಲ್ಲಿಯೇ ನೆಟ್ಟಗೆ ಇಳಿಯುತ್ತವೆ. ಲೋಟದ ಮೇಲೆ ರಟ್ಟನ್ನೂ ರಟ್ಟಿನ ಮೇಲೆ ನಾಣ್ಯವನ್ನೂ ಇಟ್ಟು ರಟ್ಟನ್ನು ಚಿಮ್ಮಿದರೆ ನಾಣ್ಯವು ಲೋಟದೊಳಗೆ ಬೀಳುತ್ತದೆ. ಇವಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ, ಹಣ ಬೇಕಾಗಿಲ್ಲ. ಜಡತ್ವವೆಂಬ ಮಾತು ಕಿವಿಗೆ ಬೀಳುವ ವೇಳೆಗೆ ಆ ಸಂಗತಿಯು ಕಣ್ಣಿಗೆ ಬಿದ್ದಿರುತ್ತದೆ. ಹೊಸ ವಿದ್ಯಾರ್ಥಿಗೆ ಪುಸ್ತಕವು ಮಾಡಬಹುದಾದ ಉಪಕಾರಗಳಲ್ಲಿ ಇದು ಮೊದಲನೆಯದು. ಆದರೆ ಪರೀಕ್ಷೆಯ ಭಯದಿಂದ ಈ ಪ್ರಯೋಗಗಳನ್ನು ಮಾಡದೆ ಓದಿ ಮುಗಿಸಿದ ತರಗತಿಗೆ ಪುಸ್ತಕದ ಗುಣದಿಂದ ಏನು ಪ್ರಯೋಜನ?

ಈ ಪುಸ್ತಕದಿಂದ ಮುಂದಿನ ಪುಸ್ತಕಕ್ಕೆ ದಾಟುವಲ್ಲಿ ತೊಡಕು ಕಾಣಿಸಿಕೊಳ್ಳುತ್ತದೆ. ಕರ್ನಾಟಕದ ಪಿ.ಯು. ವಿಜ್ಞಾನ ತರಗತಿಗಳಿಗೆ 2012-13ನೆಯ ಸಾಲಿನಿಂದ ಅದೇ ಸಂಸ್ಥೆಯ ಪಠ್ಯಕ್ರಮವು ಬಂದಿತು. ಹನ್ನೊಂದನೆಯ ತರಗತಿಯ ಭೌತಶಾಸ್ತ್ರದ ಪುಸ್ತಕವು ಆರಂಭದ ಅಧ್ಯಾಯಗಳಲ್ಲಿಯೇ ಕ್ಷಣಿಕ ವೇಗವನ್ನು ಕಲನಶಾಸ್ತ್ರದ ಭಾಷೆಯಲ್ಲಿ ನಿರೂಪಿಸುತ್ತದೆ. ಅದೇ ವರ್ಷದ ಗಣಿತದ ಪುಸ್ತಕದಲ್ಲಿ ಕಲನಶಾಸ್ತ್ರದ ಅಧ್ಯಾಯವು ಬರುವುದು ಕೊನೆಯ ಭಾಗದಲ್ಲಿ. ಅಂದರೆ ಕೀಲಿಕೈ ಕೈಗೆ ಬರುವ ಎಷ್ಟೋ ತಿಂಗಳು ಮೊದಲೇ ಬೀಗವನ್ನು ತೆರೆಯಬೇಕಾಗಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನಿಗೂ ಇದು ಕಷ್ಟವೇ. ಕನ್ನಡದಲ್ಲಿ ಓದಿ ಬಂದವನಿಗೆ ಗಣಿತದ ಕಷ್ಟ, ವಿಷಯದ ಕಷ್ಟ, ಭಾಷೆಯ ಕಷ್ಟ ಎಂಬ ಮೂರು ಹೊರೆಗಳು ಒಂದೇ ದಿನ ತಲೆಯ ಮೇಲೆ ಬರುತ್ತವೆ. ಜಡತ್ವವನ್ನು ಕೇರಂ ಕಾಯಿಯಲ್ಲಿ ಕಂಡು ತಿಳಿದವನು ಅದರ ಇಂಗ್ಲಿಷ್ ಹೆಸರನ್ನು ಕೇಳಿ, ಇದಾವುದೋ ತಾನರಿಯದ ವಸ್ತುವೆಂದು ಬೆದರುತ್ತಾನೆ. ಅವನಿಗೆ ತಿಳಿವಳಿಕೆಯಿದೆ, ತನಗೆ ಅದು ಇದೆಯೆಂಬ ಅರಿವಿಲ್ಲ.

ವಾಚಕರಲ್ಲಿ ಕೆಲವರು, ಹಾಗಾದರೆ ಮೊದಲಿನಿಂದಲೇ ಇಂಗ್ಲಿಷಿನಲ್ಲಿ ಕಲಿಸಿದರಾಯಿತಲ್ಲವೆ ಎನ್ನಬಹುದು. ಲೌಕಿಕವಾಗಿ ಈ ಮಾತಿನಲ್ಲಿ ಹುರುಳಿದೆ; ಎಷ್ಟೋ ಮನೆಗಳು ಆ ದಾರಿಯನ್ನೇ ಹಿಡಿದಿವೆ. ಆದರೆ ಮನೆಯ ಮಾತಿನಲ್ಲಿ ಪ್ರಶ್ನೆ ಕೇಳಲಾರದ ಮಗು ಬೇರೆ ಮಾತಿನಲ್ಲಿ ಉತ್ತರವನ್ನು ಉರುಹೊಡೆಯಬಹುದಲ್ಲದೆ, ಕಲ್ಲು ತುದಿಯಲ್ಲಿ ನಿಂತಾಗ ಉತ್ಕರ್ಷವೆಲ್ಲಿಯದೆಂದು ಕೇಳಲಾರದು. ಭೌತಶಾಸ್ತ್ರವು ಹುಟ್ಟುವುದು ಆ ಪ್ರಶ್ನೆಯಲ್ಲಿ.

ಕಣಿವೆಗೆ ಸೇತುವೆ ಕಟ್ಟುವುದು ಅಸಾಧ್ಯವೇನಲ್ಲ. ಕನ್ನಡದ ಪುಸ್ತಕವೂ ಸೂತ್ರಗಳನ್ನು ರೋಮನ್ ಅಕ್ಷರಗಳಲ್ಲಿಯೇ ಬರೆಯುತ್ತದೆ. ಬಲಕ್ಕೆ ‘ಎಫ್’, ದ್ರವ್ಯರಾಶಿಗೆ ‘ಎಂ’, ವೇಗೋತ್ಕರ್ಷಕ್ಕೆ ‘ಎ’ ಎಂದು ಕಲಿಯುವ ಮಗುವಿಗೆ ಆ ಅಕ್ಷರಗಳಿಗೂ ಆ ಪದಗಳಿಗೂ ಇರುವ ಸಂಬಂಧ ತಿಳಿಯದು. ಫೋರ್ಸ್, ಮಾಸ್, ಆಕ್ಸಿಲರೇಷನ್ ಎಂಬ ಮಾತುಗಳ ಮೊದಲಕ್ಷರಗಳಿವು ಎಂದು ಉಪಾಧ್ಯಾಯರು ಒಂದು ವಾಕ್ಯದಲ್ಲಿ ಹೇಳಿದರೆ, ಸೂತ್ರವೂ ನೆನಪಿನಲ್ಲಿ ನಿಲ್ಲುತ್ತದೆ, ಮುಂದಿನ ಪುಸ್ತಕದ ಅರ್ಧ ಪರಿಭಾಷೆಯೂ ಪರಿಚಯವಾಗುತ್ತದೆ. ಪಿ.ಯು.ಸಿ.ಯ ಮೊದಲ ಕೆಲವು ವಾರಗಳಲ್ಲಿ ಹೊಸ ಪಾಠವನ್ನು ಹೇಳದೆ, ಹಳೆಯ ಪಾಠವನ್ನೇ ಹೊಸ ಹೆಸರುಗಳಿಂದ ಓದಿಸಿ, ಬೇಕಾದಷ್ಟು ಗಣಿತವನ್ನು ಜತೆಗೆ ಕೊಟ್ಟರೆ ಉಳಿದರ್ಧವೂ ಆದೀತು. ಮನೆಯ ಹಿರಿಯರೂ ಇದಕ್ಕೆ ನೆರವಾಗಬಹುದು. ಮಗುವು ಓದಿದ್ದನ್ನು ಒಪ್ಪಿಸುವಾಗ ಪುಸ್ತಕವನ್ನು ಮುಚ್ಚಿಸಿ, ಅದೇ ಸಂಗತಿಯನ್ನು ಅಜ್ಜಿಗೆ ಅರ್ಥವಾಗುವಂತೆ ಹೇಳೆಂದು ಕೇಳಲಿ. ಹಾಗೆ ಹೇಳಬಲ್ಲ ಮಗುವನ್ನು ಯಾವ ಭಾಷೆಯ ಪುಸ್ತಕವೂ ಬಹುಕಾಲ ಬೆದರಿಸಲಾರದು.

ವೆಂಕಟನಾರಣಪ್ಪನವರ ಪೀಳಿಗೆಯು ಪದಗಳೇ ಇಲ್ಲದ ಕಡೆ ಪದಗಳನ್ನು ಹುಡುಕಿ ಕೊಟ್ಟಿತು. ನಮಗೆ ಪದಗಳಿವೆ, ಪುಸ್ತಕಗಳಿವೆ, ಪುಸ್ತಕ ಸಂಘವಿದೆ, ಬೆಟ್ಟದ ಮೇಲೆ ಕಾಲೇಜುಗಳಿವೆ. ಇವುಗಳ ನಡುವೆ ಒಂದು ಎಳೆಯ ಮನಸ್ಸು ಎಡವದೆ ನಡೆದುಹೋಗುವಂತೆ ಮೆಟ್ಟಿಲುಗಳನ್ನು ಜೋಡಿಸುವುದೊಂದೇ ಬಾಕಿ. ಅದನ್ನು ಮಾಡಬಲ್ಲವರು ಪುಸ್ತಕ ಬರೆಯುವವರೂ ಪಾಠ ಹೇಳುವವರೂ ಮಾತ್ರವಲ್ಲ; ಸಂಜೆಯ ಹೊತ್ತು ಮಗುವಿನ ಪಕ್ಕದಲ್ಲಿ ಕುಳಿತು ಕೇಳುವ ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ಹೌದು.