ತೋಟ ದಾಟಿದ ಜರೀಗಿಡ

ಮಡಿಕೇರಿ ಕಡೆಯ ನಮ್ಮ ಅತ್ತೆಯ ಮನೆಯ ಹಿಂದೆ, ಏಲಕ್ಕಿ ತೋಟದ ತಗ್ಗಿನಲ್ಲಿ ಒಂದು ತೊರೆಯಿದೆ. ಅದರ ದಡದಲ್ಲೊಂದು ದೈತ್ಯ ಜರೀಗಿಡ. ಮಳೆ ಬಂದರೆ ನಾವು ಮೂವರು ಮಕ್ಕಳು ಅದರ ಒಂದೇ ಎಲೆಯ ಕೆಳಗೆ ನಿಲ್ಲುತ್ತಿದ್ದೆವು. ಕಳೆದ ವರ್ಷ ನಾನು ಬೆಂಗಳೂರಿಗೆ ಹೊರಟಾಗ ಅತ್ತೆ ಎಲೆಯ ಬುಡದಲ್ಲಿದ್ದ ಕಿವಿಯಂಥ ದಪ್ಪ ತುಂಡೊಂದನ್ನು ಮುರಿದು ಕೊಟ್ಟರು. "ಒದ್ದೆ ಮರಳಲ್ಲಿ ಇಡು, ಒಣಗೋಕೆ ಬಿಡಬೇಡ" ಎಂದರು. ತೋಟಗಾರರು ಈ ಗಿಡವನ್ನು ಹೆಚ್ಚಿಸುವ ಸುಲಭ ದಾರಿಯೇ ಅದು ಎಂದು ಆಮೇಲೆ ಓದಿ ತಿಳಿದೆ.

ಗಿಡದ ಕುಲದ ಹೆಸರು ಆಂಜಿಯೋಪ್ಟೆರಿಸ್. ಇದರ ಬಂಧುಗಳ ಪಳೆಯುಳಿಕೆಗಳು ಸುಮಾರು 30 ಕೋಟಿ ವರ್ಷ ಹಳೆಯ ಕಲ್ಲಿದ್ದಲ ಪದರಗಳಲ್ಲಿ ಸಿಕ್ಕಿವೆ. ಈ ಕುಲದ ಪ್ರಸಿದ್ಧ ಪ್ರಭೇದವನ್ನು ಯುರೋಪಿನ ವಿಜ್ಞಾನಕ್ಕೆ ಪರಿಚಯಿಸಿದವನು ಜಾರ್ಜ್ ಫಾರ್ಸ್ಟರ್. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿ (1772-75) ತಂದೆಯೊಡನೆ ಪೆಸಿಫಿಕ್ ಸುತ್ತಿದ ಆ ತರುಣ, 1786ರಲ್ಲಿ ಗಿಡವನ್ನು ವರ್ಣಿಸಿ 'ಇವೆಕ್ಟ' ಎಂಬ ವಿಶೇಷಣ ಕೊಟ್ಟ. ಲ್ಯಾಟಿನ್ನಿನಲ್ಲಿ ಅದಕ್ಕೆ 'ಮೇಲಕ್ಕೆತ್ತಿದ' ಎಂಬ ಅರ್ಥವೂ ಇದೆ, 'ಹೊತ್ತೊಯ್ದ' ಎಂಬ ಅರ್ಥವೂ ಇದೆ. ಎರಡನೆಯ ಅರ್ಥ ಮುಂದೆ ನಿಜವಾಯಿತು.

ಹವಾಯಿಯ ಹೊನೊಲುಲು ಬಳಿಯ ಮನೋವಾ ಕಣಿವೆಯನ್ನು ದನಕರುಗಳು ಮೇದು ಬೋಳು ಮಾಡಿದ್ದವು. ಕಾಡಿಲ್ಲದೆ ನೀರಿಲ್ಲ, ನೀರಿಲ್ಲದೆ ಕಬ್ಬಿಲ್ಲ. ಹಾಗಾಗಿ ಕಬ್ಬಿನ ತೋಟಗಳ ಮಾಲೀಕರ ಸಂಘ 1918ರಲ್ಲಿ ಅಲ್ಲಿ ಸಸ್ಯೋದ್ಯಾನ ಆರಂಭಿಸಿತು. ಸಸ್ಯವಿಜ್ಞಾನಿ ಹೆರಾಲ್ಡ್ ಲಯನ್ ಅದರ ಹೊಣೆ ಹೊತ್ತರು. ಸ್ಥಳೀಯ ಕಾಡು ಅಳಿಯುತ್ತಿದೆ, ಅದರ ಜಾಗವನ್ನು ಹೊರಗಿನ ಗಿಡಮರಗಳೇ ತುಂಬಬೇಕು ಎಂಬುದು ಅವರ ನಂಬಿಕೆ. 1927ರಲ್ಲಿ ಈ ಜರೀಗಿಡವೂ ಅಲ್ಲಿ ಬೇರೂರಿತು. ನೆರಳು, ಸದಾ ತೇವ, ಗಾಳಿಯಲ್ಲಿ ತೇಲುವ ಬೀಜಕಗಳು: ಅದಕ್ಕೆ ಬೇರೇನೂ ಬೇಕಿರಲಿಲ್ಲ. ಬೇಲಿ ದಾಟಿ ಕಣಿವೆಗೆ ಹಬ್ಬಿತು. ಇಂದು ಹವಾಯಿಯ ತೇವದ ಕಾಡುಗಳಲ್ಲಿ ಅದು ತನ್ನ ಅಗಲವಾದ ಎಲೆಗಳಿಂದ ಸ್ಥಳೀಯ ಸಸ್ಯಗಳಿಗೆ ಬೆಳಕು ತಪ್ಪಿಸುವ ಕಳೆ. ಕಾಡನ್ನು ಉಳಿಸಲು ಹುಟ್ಟಿದ ತೋಟವೇ ಕಾಡಿಗೆ ಈ ಹೊರೆಯನ್ನೂ ಕೊಟ್ಟಿತು.

ಇದೇ ಪ್ರಭೇದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಅಲ್ಲಿ ಅದು ಸಹಜವಾಗಿ ಬೆಳೆಯುವುದು ಬಹಳ ವಿರಳ. ಇರುವ ಕೆಲವನ್ನೂ ತೋಟಪ್ರಿಯರು ಕದ್ದು ಕಿತ್ತೊಯ್ಯುವ ಭಯ. ಒಂದು ಕಡೆ ತೋಟದಿಂದ ಕಾಡಿಗೆ ನುಗ್ಗಿದ ಗಿಡ, ಇನ್ನೊಂದು ಕಡೆ ಕಾಡಿನಿಂದ ತೋಟಕ್ಕೆ ಹೋಗಿ ಕಾಣೆಯಾಗುವ ಗಿಡ. ಗಿಡ ಒಂದೇ, ಎರಡೂ ಕಡೆ ಅದನ್ನು ಹೊತ್ತೊಯ್ದದ್ದು ನಮ್ಮ ಕೈ.

ಅತ್ತೆ ಕೊಟ್ಟ ತುಂಡು ಏಳು ತಿಂಗಳ ನಂತರ ಸುರುಳಿಯಾದ ಹಸಿರು ಮೊಳಕೆ ಬಿಟ್ಟಿದೆ. ಬೆಂಗಳೂರಿನ ಒಣ ಬಿಸಿಲಿನಲ್ಲಿ ಅದು ಕುಂಡ ದಾಟಿ ಎಲ್ಲಿಗೂ ಹೋಗಲಾರದು. ಬಂದ ಗೆಳೆಯನೊಬ್ಬ "ಎಲ್ಲಿ ಸಿಗುತ್ತೆ? ಬುಡಸಮೇತ ಒಂದು ತರಿಸಿಕೊಡು" ಎಂದ. ತೊರೆಯ ದಾರಿ ಹೇಳಲಿಲ್ಲ. ಇದು ದೊಡ್ಡದಾಗಲಿ, ಎಲೆಬುಡದ ತುಂಡೊಂದನ್ನು ಕೊಡುತ್ತೇನೆ ಎಂದೆ.